ಎತ್ತಿನ ಬೆನ್ನ ಮೇಲಿನ ನಡುಗಡ್ಡೆ

ಸಮುದ್ರವನ್ನು ನಾನು ನೋಡಿಲ್ಲ. ನೋಡಬೇಕೆಂಬ ಆಸೆಯೂ ಈಗ ಉಳಿದಿಲ್ಲ. ಆದರೂ ನಡುಗಡ್ಡೆ ಎಂದರೇನು ಎಂದು ಯಾರಾದರೂ ಕೇಳಿದರೆ, ಸಮುದ್ರದ ದಂಡೆಯಲ್ಲಿ ಹುಟ್ಟಿದವರಿಗಿಂತ ಒಂದು ಮಾತು ಹೆಚ್ಚೇ ಹೇಳಬಲ್ಲೆ. ಒಂದು ನಡುಗಡ್ಡೆಯನ್ನು ಉಳಿಸಿಕೊಳ್ಳಲು ನಾನು ಎದೆಮಟ್ಟ ನೀರಿನಲ್ಲಿ ನಡೆದಿದ್ದೇನೆ.

ನಾನು ಹುಟ್ಟಿದ್ದು ಬೀದರ್ ಶಹರದಲ್ಲಿ. ಅಪ್ಪ ಸರ್ಕಾರಿ ಖಜಾನೆಯ ಪಹರೆಯಲ್ಲಿದ್ದರು. ತಾಸಿಗೊಮ್ಮೆ ಗಡಿಯಾಲ ಬಾರಿಸುವುದು ಅವರ ಕೆಲಸ. ಕಂಚಿನ ದಪ್ಪ ತಟ್ಟೆಯ ಮೇಲೆ ಮರದ ಕೊಡತಿಯಿಂದ ಹೊಡೆದ ಸದ್ದು ನಮ್ಮ ಓಣಿಗೂ ಕೇಳುತ್ತಿತ್ತು. ಬೆಳಗಿನ ಮೊದಲ ಗಡಿಯಾಲಕ್ಕೆ ಹಾಸಿಗೆ ಸುತ್ತಿರಬೇಕು. ಅದರ ಮುಂದಿನದಕ್ಕೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿದಿರಬೇಕು. ಅದರ ಮುಂದಿನದಕ್ಕೆ ಒಲೆ ಹೊತ್ತಿರಬೇಕು. ಅಪ್ಪ ಮನೆಯಲ್ಲಿ ಇಲ್ಲದಾಗಲೇ ಅವರ ಮಾತು ಹೆಚ್ಚು ಕೇಳಿಸುತ್ತಿತ್ತು. ಮಕ್ಕಳಾಗಿದ್ದಾಗ ನಾವು ಗೊಣಗಿದ್ದೇವೆ. ಆದರೆ ಹೆದರಿಕೆಯಾದಾಗ ಮಾಡಲು ಒಂದು ಕೆಲಸ, ಆ ಕೆಲಸಕ್ಕೊಂದು ಹೊತ್ತು ಇದ್ದರೆ ಹೆದರಿಕೆಗೆ ಕೂಡಲು ಜಾಗ ಸಿಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆ ಕಂಚಿನಿಂದ.

ಅಣ್ಣ ಸರ್ಕಾರಿ ಮದರಸಾಕ್ಕೆ ಹೋಗುತ್ತಿದ್ದ. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಸಂಜೆ ಕಟ್ಟೆಯ ಮೇಲೆ ಕುಳಿತು ಭೂಗೋಳವನ್ನು ಗಟ್ಟಿಯಾಗಿ ಓದುತ್ತಿದ್ದ. ನಾನು ಒಳಗೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ನಾಲ್ಕೂ ಕಡೆ ನೀರಿರುವ ನೆಲಕ್ಕೆ ಜಜೀರಾ ಎನ್ನುತ್ತಾರೆಂದು ಒಂದು ದಿನ ಅವನು ಓದಿದ.

‘ಅಲ್ಲಿ ಮಂದಿ ಹ್ಯಾಂಗ ಇರ್ತಾರಣ್ಣಾ?’ ಎಂದು ಕೇಳಿದೆ.

‘ಪುಸ್ತಕದಾಗ ಮಂದಿ ಬರಂಗಿಲ್ಲ. ನೀ ರೊಟ್ಟಿ ನೋಡು, ಹೊತ್ಲತ್ತದ’ ಎಂದ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನ್ನ ಮದುವೆಯಾದ ಮೇಲೆ.

ನನ್ನನ್ನು ಕೊಟ್ಟದ್ದು ಔರಾದ ತಾಲೂಕಿನಲ್ಲಿ ಮಾಂಜರಾ ಹೊಳೆಯ ದಂಡೆಯ ಒಂದು ಹಳ್ಳಿಗೆ. ಬಂಡಿ ನೌಬಾದ ದಾಟುವವರೆಗೆ ಕೆಂಪು ನೆಲ. ಆಮೇಲೆ ದಾರಿ ಕೆಳಗಿಳಿಯುತ್ತದೆ, ಮಣ್ಣು ಕಪ್ಪಗಾಗುತ್ತದೆ, ಗಾಳಿಯಲ್ಲಿ ಹೊಳೆಯ ವಾಸನೆ ಸೇರುತ್ತದೆ. ಹೊಳೆಯ ತೆಂಕಣ ದಂಡೆ ಭಾಲ್ಕಿಯ ಕಡೆಯದು, ಬಡಗಣ ದಂಡೆ ನಮ್ಮದು. ನಡುವೆ ಆ ನಡುಗಡ್ಡೆ. ಊರವರು ಅದಕ್ಕೆ ಬರೀ ‘ಗಡ್ಡಿ’ ಎನ್ನುತ್ತಿದ್ದರು.

ಮೊದಲು ಅದರ ನೆಲವನ್ನು ಹೇಳಿಬಿಡುತ್ತೇನೆ. ಗಡ್ಡಿ ಮಲಗಿದ ಎತ್ತಿನ ಹಾಗಿತ್ತು. ತಲೆ ಮೇಲ್ಹೊಳೆಯ ಕಡೆಗೆ, ಪಡುವಣಕ್ಕೆ. ಆ ತಲೆಯ ಕಡೆ ಕರಿಬಂಡೆ, ಬಂಡೆಯ ಸಂದಿನಲ್ಲಿ ಉರುಟು ಕಲ್ಲು. ಕೆಲವು ಕಲ್ಲುಗಳನ್ನು ತೊಯ್ಯಿಸಿ ಬಿಸಿಲಿಗೆ ಹಿಡಿದರೆ ಒಳಗೆ ಜೇನಿನ ಬಣ್ಣದ ಗೆರೆಗಳು ಕಾಣುತ್ತಿದ್ದವು. ಪ್ರವಾಹ ಬಂದರೆ ಮೊದಲ ಪೆಟ್ಟು ಈ ಬಂಡೆಗೆ. ಅದು ನೀರನ್ನು ಸೀಳುತ್ತಿದ್ದುದರಿಂದಲೇ ಹಿಂದಿನ ನೆಲ ಉಳಿದಿತ್ತು. ನಡುವೆ ಸ್ವಲ್ಪ ಏರು, ಅದರ ಮೇಲೆ ಒಂಟಿ ಜಾಲಿಮರ. ನೀರಿನ ಮೇಲೆ ಬಾಗಿದ ಅದರ ಕೊಂಬೆಗಳಿಗೆ ಗೀಜಗನ ಗೂಡುಗಳು ಜೋತಾಡುತ್ತಿದ್ದವು. ಹಾವು ಬರಲಾರದ ಜಾಗವನ್ನು ಆ ಹಕ್ಕಿ ನಮಗಿಂತ ಮೊದಲೇ ಹುಡುಕಿಕೊಂಡಿತ್ತು. ಏರಿನ ಎರಡೂ ಮಗ್ಗುಲಿಗೆ ಹೊಳೆ ತಂದು ಹಾಕಿದ ಮೆಕ್ಕಲು ಮಣ್ಣು, ಬೆಣ್ಣೆಯಂತೆ ನುಣ್ಣಗೆ. ಬಾಲದ ಕಡೆ ಬರೀ ಮರಳು. ಬೇಸಿಗೆಯಲ್ಲಿ ಆಮೆಗಳು ಅಲ್ಲಿ ಮೊಟ್ಟೆ ಹೂತು ಹೋಗುತ್ತಿದ್ದವು. ಬೆಳಗಿನ ಹೊತ್ತು ನೀರುನಾಯಿಗಳು ಮರಿಗಳೊಂದಿಗೆ ಬಂದು ಮೀನಿನ ತಲೆ ಬಿಟ್ಟು ಉಳಿದದ್ದನ್ನೆಲ್ಲ ತಿಂದು, ಮರಳಲ್ಲಿ ಹೊರಳಾಡಿ, ನಮ್ಮನ್ನು ಕಂಡ ಕೂಡಲೇ ಜಗಳಕ್ಕೆ ಬಂದವರಂತೆ ಕೂಗಿ ನೀರಿಗೆ ಹಾರುತ್ತಿದ್ದವು.

ನನ್ನ ಅತ್ತೆಗೆ ದಂಡೆಯ ಮೇಲಿನ ಮನೆ ಬಿಡಾರ, ಗಡ್ಡಿಯೇ ಮನೆ. ದೀಪಾವಳಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಜೇಕು ಹುಲ್ಲಿನ ಗುಡಿಸಲು ಹಾಕಿದರೆ, ಮೊದಲ ಮಳೆ ಬೀಳುವವರೆಗೆ ಆ ಒಲೆ ಆರುತ್ತಿರಲಿಲ್ಲ. ಮರಳಿನಲ್ಲಿ ತಂಪು ತಗಲುವವರೆಗೆ ಕುಣಿ ತೋಡುವುದು, ಅದಕ್ಕೆ ಕುರಿಗೊಬ್ಬರ ಮತ್ತು ಮೆಕ್ಕಲು ತುಂಬುವುದು, ಮೊಳಕೆಯೊಡೆದ ಬೀಜ ಇಡುವುದು. ಖರಬೂಜ, ಕಲ್ಲಂಗಡಿ, ಸೌತೆ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಆ ಗಂಟನ್ನು ನಡುವಿಗೆ ಸಿಕ್ಕಿಸಿಕೊಂಡು ಅತ್ತೆ ಓಡಾಡುತ್ತಿದ್ದರು. ಮೈಯ ಕಾವಿಗೆ ಮೊಳಕೆ ಬರುತ್ತಿತ್ತು. ‘ಬಸರಿ ಇದ್ದೀನಿ, ಮೈಮ್ಯಾಲ ಬೀಳಬ್ಯಾಡ್ರಿ’ ಎಂದು ಆ ವಯಸ್ಸಿನಲ್ಲಿ ನಗುತ್ತಿದ್ದರು.

ನಮಗೆ ದಂಡೆಯಲ್ಲಿ ಹೊಲವಿರಲಿಲ್ಲ. ಇದ್ದದ್ದನ್ನು ನನ್ನ ಮಾವನವರ ಕಾಲದಲ್ಲಿ ಹೊಳೆ ಕೊಚ್ಚಿತ್ತು. ಹಾಗೆ ಕೊಚ್ಚಿದ ಮಣ್ಣೇ ಗಡ್ಡಿಗೆ ಸೇರಿದೆ ಎಂದು ಅತ್ತೆಯ ನಂಬಿಕೆ. ಏನೇ ಇರಲಿ, ನಮ್ಮ ಹೊಟ್ಟೆ ತುಂಬುತ್ತಿದ್ದುದು ಅಲ್ಲಿಂದಲೇ. ಅದು ಹೋದರೆ ಬೀದರಿಗೆ ಹೋಗಿ ನನ್ನ ತವರಿನಲ್ಲಿ ಕೂಡುವುದೊಂದೇ ದಾರಿ. ನನ್ನ ಗಂಡ ಅದನ್ನು ಒಪ್ಪುವವರಲ್ಲ. ನಾನಂತೂ ಒಪ್ಪುವವಳೇ ಅಲ್ಲ.

ಆದರೆ ಗಡ್ಡಿ ಯಾವ ತಾಲೂಕಿನದೂ ಆಗಿರಲಿಲ್ಲ. ವರ್ಷ ವರ್ಷ ಆಕಾರ ಬದಲಿಸುವ ನೆಲವನ್ನು ಅಳೆಯಲು ಯಾರೂ ಬರುತ್ತಿರಲಿಲ್ಲ. ಅದಕ್ಕೆ ಎರಡೂ ದಂಡೆಯ ಹಿರಿಯರು ಹಿಂದೆಯೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ದೀಪಾವಳಿ ಪಾಡ್ಯದ ಮರುದಿನ ಎರಡೂ ಕಡೆಯಿಂದ ಒಂದೊಂದು ಎತ್ತು ನೀರಿಗಿಳಿಯಬೇಕು. ಎತ್ತಿನ ಬೆನ್ನುಹುರಿಯ ಮೇಲೆ ಹುರಮಂಜಿನ ಕೆಂಪು ಗೆರೆ ಎಳೆಯಬೇಕು. ಆ ಪುಡಿಯನ್ನು ಬರೀ ನೀರಿನಲ್ಲಿ ಕಲಸಿರಬೇಕು. ಎತ್ತು ನಡೆದು ದಾಟಿದರೆ ಗೆರೆ ಉಳಿಯುತ್ತದೆ. ಈಜಿದರೆ ತೊಳೆದು ಹೋಗುತ್ತದೆ. ಯಾವ ದಂಡೆಯಿಂದ ಎತ್ತು ನಡೆದು ಹೋಗಬಲ್ಲುದೋ ಗಡ್ಡಿ ಆ ದಂಡೆಯದು. ಎರಡೂ ಗೆರೆ ಉಳಿದರೆ ಹೋದ ವರ್ಷ ಬಿತ್ತಿದವರೇ ಮತ್ತೆ ಬಿತ್ತಬೇಕು. ಎತ್ತನ್ನು ಹೊಡೆಯುವಂತಿಲ್ಲ. ಹಿಡಿದು ನಡೆಸುವವರು ಗಡ್ಡಿಯ ಒಲೆಯಲ್ಲಿ ಉಂಡವರಾಗಿರಬೇಕು.

ನಾನು ಹೇಳುತ್ತಿರುವ ವರ್ಷ ಹೊಳೆ ಬಹಳ ಜೋರಾಗಿ ಬಂತು. ಇಳಿದಾಗ ನೋಡಿದರೆ ಅದು ಮಗ್ಗಲು ಬದಲಿಸಿತ್ತು. ಭಾಲ್ಕಿ ಕಡೆಯ ಕವಲಿನಲ್ಲಿ ಮಕ್ಕಳು ಮೊಣಕಾಲು ನೀರಿನಲ್ಲಿ ಓಡಾಡುತ್ತಿದ್ದರು. ನಮ್ಮ ಘಾಟಿನ ಹುಣಸೆಮರದ ಮುಂದೆ ಮಾತ್ರ ನೀರು ಹಸಿರುಗಪ್ಪಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಸದ್ದಿಲ್ಲದ ನೀರು ಆಳದ್ದು.

ಭಾಲ್ಕಿ ಕಡೆಯ ದಂಡೆಯಲ್ಲಿ ಒಬ್ಬ ಮುದುಕರಿದ್ದರು. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ದನಿ. ಆ ಊರಿನ ಪರವಾಗಿ ಎತ್ತು ಇಳಿಸುವವರು ಅವರೇ. ಹೊಳೆಯ ಆಚೆಯಿಂದ ಕೂಗಿದರು: ‘ಏ ಔರಾದದವರ! ಈ ಸಲ ಖರಬೂಜ ತಿನ್ನೋದಿದ್ರ ಭಾಲ್ಕಿ ಸಂತಿಗಿ ಬರ್ರೀ!’

ಅತ್ತೆ ಬಿಡಲಿಲ್ಲ. ‘ಹಲ್ಲು ಅದಾವೇನ್ರೀ ನಿಮಗ? ಮೊದಲ ಅದು ನೋಡ್ಕೋರಿ!’

ಇದರ ಮೇಲೆ ನನ್ನ ಗಂಡನಿಗೆ ನಾರುಹುಣ್ಣು. ಆ ಕಾಲದಲ್ಲಿ ಮೆಟ್ಟಿಲುಬಾವಿಯ ನೀರು ಕುಡಿದವರಿಗೆ ಅದು ಬರುವುದೇ. ಪಾದದ ಮೇಲಿನ ಹುಣ್ಣಿನಿಂದ ದಾರದಂಥ ಹುಳ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತುತ್ತಾ ದಿನಕ್ಕಿಷ್ಟು ಎಳೆಯಬೇಕು. ಅವಸರ ಮಾಡಿದರೆ ಹರಿದು ಕಾಲೇ ಕೊಳೆಯುತ್ತದೆ. ಅವರು ಹೊರಸಿನ ಮೇಲೆ ಮಲಗಿ ಮಾಡಿನ ಗಳ ಎಣಿಸುತ್ತಿದ್ದರು. ಅತ್ತೆಗೆ ಮೊಣಕಾಲು ನೋವು, ಹರಿಯುವ ನೀರಿನಲ್ಲಿ ನಿಲ್ಲಲಾರರು. ಗಡ್ಡಿಯ ಒಲೆಯಲ್ಲಿ ಉಂಡವರು ಇನ್ನುಳಿದದ್ದು ನಾನೊಬ್ಬಳೇ.

‘ಎತ್ತು ನಾ ನಡಸ್ತೇನಿ’ ಎಂದೆ.

ಗಂಡ ಹೊರಸಿನ ಮೇಲೆ ಅರ್ಧ ಎದ್ದರು. ‘ನೀ? ನಿನಗ ಹೊಳಿ ಅಂದ್ರ ಗೊತ್ತದ ಏನು? ಬೀದರದಾಗ ಕೊಡದಾಗಿನ ನೀರು ಬಿಟ್ರ ಬ್ಯಾರೆ ನೀರು ನೋಡಿದಾಕಿ ಅಲ್ಲ ನೀ.’

‘ಈಗ ನೋಡ್ತೇನ್ರಿ. ಇನ್ನೂ ಹೊತ್ತದ.’

‘ಹೆಂಗಸರು ಎತ್ತು ಇಳಿಸಿದ್ದು ಯಾರೂ ಕಂಡಿಲ್ಲ.’

ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡದೆ ಹೇಳಿದರು: ‘ಇಳಿಸಬಾರದು ಅಂದದ್ದು ಯಾರರೆ ಕೇಳೀರೇನು? ಆಕಿ ಹೋಗ್ತಾಳ.’ ಅಷ್ಟಕ್ಕೆ ಮುಗಿಯಿತು.

ಮರುದಿನದಿಂದ ನಾನು ಬೆಳಗಿನ ಕೆಲಸಗಳಲ್ಲಿ ಒಂದನ್ನು ಸೇರಿಸಿದೆ. ಸಗಣಿ ಬಾಚಿ, ಪೂಜೆ ಮುಗಿಸಿ, ಬಿದಿರಿನ ಗಳ ಹಿಡಿದು ಹೊಳೆಗೆ ಹೋಗುವುದು. ನೀರು ದಿನ ದಿನ ಇಳಿಯುತ್ತಿತ್ತು. ಮೊದಲ ದಿನ ಮಂಡಿ ಮುಳುಗಿದ ಕೂಡಲೇ ಎದೆ ಡಬಡಬ ಎಂದಿತು. ಅಲ್ಲೇ ನಿಂತೆ. ಖಜಾನೆಯ ಗಡಿಯಾಲ ಬೀಳುವವರೆಗೆ ಕದಲಬಾರದೆಂದು ಮನಸ್ಸಿಗೆ ಹೇಳಿಕೊಂಡು, ಎದೆ ಸುಮ್ಮನಾದ ಮೇಲೆ ಮುಂದೆ ಗಳ ಊರಿದೆ. ಎಲ್ಲಿ ಗಳ ನೆಲ ಮುಟ್ಟುತ್ತದೋ ಅಲ್ಲಿಗೆ ಕಾಲು, ಮುಟ್ಟದಿದ್ದರೆ ಹಿಂದಕ್ಕೆ. ಹುಣಸೆಮರದಿಂದ ಶುರುಮಾಡಿ, ದಿನಕ್ಕೊಂದು ಪಟ್ಟಿಯಂತೆ ಕೆಳಹೊಳೆಯ ಕಡೆ ಹೋದೆ. ಎಲ್ಲೂ ದಾರಿ ಸಿಗಲಿಲ್ಲ. ಆಮೇಲೆ ಮೇಲ್ಹೊಳೆಯ ಕಡೆ ತಿರುಗಿದೆ.

ದಾರಿ ಕಂಡದ್ದು ಗಳದಿಂದಲ್ಲ, ಕಣ್ಣಿನಿಂದ. ಒಂದು ಬೆಳಗ್ಗೆ ಮಂಜು ಕರಗುವಾಗ ಹೊಳೆಯ ನಡುವೆ ಬೆಳ್ಳಕ್ಕಿಗಳು ನಿಂತಿದ್ದವು. ಚೆಲ್ಲಾಪಿಲ್ಲಿಯಾಗಿ ಅಲ್ಲ, ಒಂದರ ಹಿಂದೊಂದು, ಹುಣಸೆಗಿಂತ ಮೇಲ್ಹೊಳೆಯಲ್ಲಿದ್ದ ಲಕ್ಕಿಗಿಡಗಳಿಂದ ಹೊರಟು ಗಡ್ಡಿಯ ಕರಿಬಂಡೆಯ ಕಡೆಗೆ ಓರೆಯಾಗಿ. ಬೆಳ್ಳಕ್ಕಿ ಕಾಲು ಮುಟ್ಟದಲ್ಲಿ ನಿಲ್ಲುವುದಿಲ್ಲವಲ್ಲ. ಗಳ ಹಿಡಿದು ಹೋದೆ. ಹೊಳೆ ತನ್ನ ಹೊಸ ಮರಳನ್ನೆಲ್ಲ ಅಲ್ಲಿ ಒಂದು ದಿಬ್ಬ ಮಾಡಿ ಹಾಕಿತ್ತು. ಎರಡು ಎತ್ತು ಜೋಡಿಯಾಗಿ ಹೋಗುವಷ್ಟು ಅಗಲವಿಲ್ಲ, ಒಂದಕ್ಕೆ ಸಾಕು. ನಡುವೆ ಒಂದು ಕಡೆ ಮಾತ್ರ ಹಕ್ಕಿಗಳ ಸಾಲು ಕಡಿದಿತ್ತು. ಅಲ್ಲಿ ನೀರು ನನ್ನ ಕಂಕುಳಿಗೆ ಬಂತು, ಆದರೆ ಕಾಲು ನೆಲ ಬಿಡಲಿಲ್ಲ. ಆಚೆ ಹೋಗಿ ಕರಿಬಂಡೆಯ ಮೇಲೆ ಕುಳಿತೆ. ಪ್ರವಾಹದ ಕಸವೆಲ್ಲ ಸಿಕ್ಕಿಕೊಂಡಿದ್ದರೂ ಜಾಲಿಮರ ಹಾಗೆಯೇ ನಿಂತಿತ್ತು. ಗೂಡುಗಳಲ್ಲಿ ಎರಡು ಉಳಿದಿದ್ದವು. ಹೊಸ ಮೆಕ್ಕಲಿನ ಮೇಲೆ ಹಕ್ಕಿಯ ಹೆಜ್ಜೆ ಬಿಟ್ಟರೆ ಬೇರೆ ಗುರುತಿಲ್ಲ. ನಾಲ್ಕೂ ಕಡೆ ನೀರು. ಇದನ್ನು ಬಿಡುವುದಿಲ್ಲ ಎಂದುಕೊಂಡೆ. ಹರಕೆ ಹೊರಲಿಲ್ಲ, ಅಳಲಿಲ್ಲ. ಎದ್ದು ಸೀರೆ ಹಿಂಡಿಕೊಂಡು ವಾಪಸು ನಡೆದೆ. ರೊಟ್ಟಿಯ ಹೊತ್ತಾಗಿತ್ತು.

ಘಾಟಿನಿಂದಲೇ ಇಳಿಸಬೇಕು ಎಂದು ಕಟ್ಟಳೆಯಲ್ಲಿ ಇರಲಿಲ್ಲ. ತಲೆಮಾರಿನಿಂದ ಎಲ್ಲರೂ ಅಲ್ಲಿಂದಲೇ ಇಳಿಸುತ್ತಿದ್ದರು, ಅಷ್ಟೇ. ಗಂಡನಿಗೆ ಹೇಳಿದಾಗ ಅವರು, ‘ಬಿಳಿಯಗ ದಾರಿ ಕಲಿಸು. ಅದು ಹೊಸ ದಾರಿಗಿ ಮುನಿಸ್ಕೋತದ’ ಎಂದರು. ಬಿಳಿಯ ನಮ್ಮ ಎತ್ತು. ಒಂದು ಕೊಂಬು ಜೋತುಬಿದ್ದದ್ದು, ಎತ್ತರದ್ದು, ಹಟಮಾರಿ. ಅದನ್ನೂ ನಸುಕಿಗೆ ಕರೆದುಕೊಂಡು ಹೋಗತೊಡಗಿದೆ. ಎತ್ತುಗಳಿಗೆ ಹೇಳುವ ಮಾತು ನನಗೆ ಗೊತ್ತಿರಲಿಲ್ಲ. ಪಹರೆಯವರು ಕವಾಯತಿನಲ್ಲಿ ಕೂಗುವ ಮಾತುಗಳು ಗೊತ್ತಿದ್ದವು. ‘ಆಗೇ’ ಎಂದರೆ ನಡೆಯಬೇಕು, ‘ಠಹರೋ’ ಎಂದರೆ ನಿಲ್ಲಬೇಕು. ಬಿಳಿಯ ಕಲಿಯಿತು.

ಗಂಡ ಹೊರಸಿನಿಂದಲೇ ನಕ್ಕರು. ‘ನಮ್ಮ ಎತ್ತಿಗಿ ಖಜಾನಿ ಪಹರಾಕ್ಕ ಕಳಸ್ತಿ ಏನು?’

‘ನಿಮಗಿಂತ ಹೇಳಿದ ಮಾತು ಬೇಗ ಕೇಳ್ತದ್ರಿ’ ಎಂದೆ.

ಪಾಡ್ಯದ ಹಿಂದಿನ ದಿನವೇ ಅತ್ತೆ ಬೀಜ ನೆನೆಹಾಕಿದರು. ನಾನು ಬೆದರಿದೆ. ನೆನೆದ ಬೀಜ ಕಾಯುವುದಿಲ್ಲ. ಮೊಳಕೆ ಬಂದ ಮೇಲೆ ನೆಲ ಸಿಗದಿದ್ದರೆ ಕೊಳೆಯುತ್ತದೆ, ಮತ್ತೆ ಬೀಜವಿಲ್ಲ.

‘ಅತ್ತಿ, ನಾಡಿದ್ದ ಏನಾಗ್ತದೋ ಏನೋ’ ಎಂದೆ.

ಗಂಟನ್ನು ನಡುವಿಗೆ ಸಿಕ್ಕಿಸಿಕೊಳ್ಳುತ್ತಾ ಅವರು, ‘ಏನಾಗ್ತದ ಅಂತ ನಾ ಕೇಳಿಲ್ಲ. ನೀ ಹೋಗಿ ಎತ್ತಿಗಿ ಮೇವು ಹಾಕು’ ಎಂದರು.

ಪರೀಕ್ಷೆಯ ದಿನ ಎರಡೂ ದಂಡೆಯಲ್ಲಿ ಜನ ನೆರೆದಿದ್ದರು. ಗಂಡನನ್ನು ಹೊರಸಿನ ಸಮೇತ ತಂದು ಹುಣಸೆಯ ನೆರಳಿಗೆ ಇಟ್ಟಿದ್ದರು. ಅತ್ತೆ ಹುರಮಂಜು ಕಲಸಿ, ಬಿಳಿಯನ ಬೆನ್ನುಹುರಿಯ ಮೇಲೆ ಕುತ್ತಿಗೆಯಿಂದ ಹಿಂದಿನವರೆಗೆ ಗೆರೆ ಎಳೆದರು. ನಾನು ಕಚ್ಚೆ ಬಿಗಿಮಾಡಿ ಹಗ್ಗ ಹಿಡಿದೆ. ಹುಣಸೆಯನ್ನು ಬಿಟ್ಟು ಲಕ್ಕಿಗಿಡಗಳ ಕಡೆಗೆ ಹೊರಟಾಗ ನಮ್ಮ ಊರಿನವರೇ, ‘ಎಲ್ಲಿಗಿ ಹೊಂಟಾಳ ಈಕಿ? ಘಾಟು ಇಲ್ಲೇ ಅದ!’ ಎಂದು ಕೂಗಿದರು. ಗಂಡ ಗದರಿದರು: ‘ಬಾಯಿ ಮುಚ್ಕೊಂಡು ನೋಡ್ರಿ.’

ನಾವು ಇಳಿದೆವು. ಬಿಳಿಯ ಒಮ್ಮೆಯೂ ನಿಲ್ಲಲಿಲ್ಲ. ಸಾಲು ಕಡಿದ ಜಾಗದಲ್ಲಿ ನೀರು ಅದರ ಪಕ್ಕೆಗಳನ್ನು ಮುಳುಗಿಸಿತು, ಬೆನ್ನಿಗೆ ಬರಲಿಲ್ಲ. ಕರಿಬಂಡೆಯ ಬುಡಕ್ಕೆ ಹತ್ತಿದಾಗ ಹಿಂದಿನಿಂದ ನಮ್ಮ ದಂಡೆಯ ಕೇಕೆ ಕೇಳಿತು.

ಮುದುಕರು ತಮ್ಮ ಎತ್ತಿನೊಂದಿಗೆ ಮೊದಲೇ ಗಡ್ಡಿ ಸೇರಿದ್ದರು. ಅವರ ಎತ್ತಿನ ಗೆರೆ ಕೆಡದೆ ಉಳಿದಿತ್ತು. ಅವರು ನಮ್ಮ ಹತ್ತಿರ ಬಂದು ಬಿಳಿಯನ ಬೆನ್ನು ನೋಡಿದರು. ಗೆರೆ ಬೆಳಿಗ್ಗೆ ಎಳೆದಂತೆಯೇ ಇತ್ತು, ಅದೂ ಮಿರಮಿರ ಮಿಂಚುತ್ತಿತ್ತು. ಅವರ ಹುಬ್ಬು ಗಂಟಾಯಿತು. ಬಾಗಿ ಒಂದು ಬೊಗಸೆ ನೀರು ತಂದು ಗೆರೆಯ ಮೇಲೆ ಹುಯ್ದರು. ನೀರು ಮುತ್ತು ಮುತ್ತಾಗಿ ಉರುಳಿ ಕೆಳಗೆ ಬಿತ್ತು. ಕೆಂಪು ಹಾಗೆಯೇ ಇತ್ತು.

‘ಎಣ್ಣಿ’ ಎಂದರು ಮುದುಕರು. ಆಮೇಲೆ ತಮ್ಮ ದಂಡೆಯ ಕಡೆ ತಿರುಗಿ ಗುಡುಗಿದರು: ‘ಎಣ್ಣಿ ಕಲಸ್ಯಾರೋ!’

ನಮ್ಮ ದಂಡೆಯ ಮೇಲೆ ಅತ್ತೆ ಎದೆ ಬಡಿದುಕೊಳ್ಳುವುದು ಕಂಡಿತು. ಏನಾಯಿತೆಂದು ನನಗೂ ಆಗಲೇ ಹೊಳೆಯಿತು. ಹಬ್ಬದ ದೊಡ್ಡ ಪಣತಿಯಲ್ಲಿ ಸ್ವಲ್ಪ ಎಣ್ಣೆ ಉಳಿದಿತ್ತು. ದೀಪದ ಎಣ್ಣೆ ಚೆಲ್ಲಬಾರದು, ಅಡುಗೆಗೂ ಬಳಸಬಾರದು. ಎತ್ತಿನ ಮೈಗಾದರೂ ಹತ್ತಲಿ, ತೊಗಲು ಒಡೆಯುವುದಿಲ್ಲ ಎಂದು ಅತ್ತೆ ಅದೇ ಪಣತಿಯಲ್ಲಿ ನೀರು ಸುರಿದು ಹುರಮಂಜು ಕಲಸಿದ್ದರು. ಮೋಸದ ವಿಚಾರ ಅವರ ತಲೆಗೆ ಬಂದಿರಲಿಲ್ಲ, ಕಟ್ಟಳೆಯ ನೆನಪೂ ಬಂದಿರಲಿಲ್ಲ.

ಆಚೆ ದಂಡೆಯವರು ನೀರಿಗಿಳಿದು ಗಡ್ಡಿಯ ಕಡೆ ಬರತೊಡಗಿದರು. ‘ಈಜಿಸಿ ತಂದಾಳ! ಬಣ್ಣ ಹ್ಯಾಂಗ ಹೋಗ್ತದ?’ ‘ಗಡ್ಡಿ ನಮ್ಮದು!’ ಎಂಬ ಕೂಗು.

ಎತ್ತು ನಡೆದೇ ಬಂದದ್ದು ನನಗೆ ಗೊತ್ತು. ಆದರೆ ಗೊತ್ತಿದ್ದರೆ ಸಾಲದು. ಕಟ್ಟಳೆ ಕೇಳುವುದು ಗೆರೆಯನ್ನು, ನನ್ನ ಮಾತನ್ನಲ್ಲ. ಅದರ ಬಗ್ಗೆ ವಾದ ಮಾಡಿ ಹೊತ್ತು ಕಳೆಯುವ ಮನಸ್ಸಿರಲಿಲ್ಲ.

‘ಮುತ್ಯಾ, ತೊಳೆದು ಮತ್ತ ಬರ್ತೇನಿ. ಹೊತ್ತು ಮುಳಗಲಾಕ ಇನ್ನೂ ಹೊತ್ತದ. ಒಂದೇ ಸಲ ನಡಸಬೇಕು ಅಂತ ಕಟ್ಟಳಿ ಅದ ಏನ್ರಿ?’

ಮುದುಕರು ರುಮಾಲು ಸರಿಮಾಡಿಕೊಂಡರು. ‘ಹಂಗ ಯಾರೂ ಅಂದಿಲ್ಲ. ಆದ್ರ ಬಣ್ಣ ಈ ಸಲ ನಾ ಬಳೀತೇನಿ.’

‘ಬರ್ರಿ.’

‘ಎಲ್ಲಿಗಿ?’

‘ನಮ್ಮ ದಂಡಿಗಿ. ಬಣ್ಣ ಅಲ್ಲೇ ಬಳೀಬೇಕಲ್ರಿ.’

ಅವರು ನಮ್ಮ ಕಡೆಯ ಕಪ್ಪು ನೀರನ್ನು ನೋಡಿದರು, ತಮ್ಮ ಊರಿನ ಜನರನ್ನು ನೋಡಿದರು. ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ. ಧೋತರ ಮೇಲೆ ಕಟ್ಟಿ ಬಿಳಿಯನ ಬಾಲ ಹಿಡಿದರು. ನಾನು ‘ಆಗೇ’ ಎಂದೆ. ದಾರಿಯುದ್ದಕ್ಕೂ ಅವರು ಕಾಲಿನಿಂದ ನೆಲ ತಡವುತ್ತಾ ಬಂದರು. ಆಳದ ಜಾಗದಲ್ಲಿ ಮಾತ್ರ ಉಸಿರು ಬಿಗಿಹಿಡಿದದ್ದು ಕೇಳಿಸಿತು. ದಂಡೆ ಹತ್ತಿದ ಮೇಲೆ ನನಗಷ್ಟೇ ಕೇಳುವಂತೆ ಹೇಳಿದರು: ‘ನೆಲ ಅದ, ತಂಗಿ. ನಾ ನಂಬ್ತೇನಿ. ಆದ್ರ ನಾ ನಂಬಿದ್ರ ಮುಗೀಲಿಲ್ಲ. ನನ್ನ ಊರು ನಂಬಬೇಕು.’

‘ಅದಕ್ಕೇ ಮತ್ತ ನಡೀತೇನ್ರಿ’ ಎಂದೆ.

ಸವುಳು ಮಣ್ಣು ಹಚ್ಚಿ ಬಿಳಿಯನ ಬೆನ್ನು ಉಜ್ಜಿ ಉಜ್ಜಿ ತೊಳೆದೆ. ಅತ್ತೆ ಪಕ್ಕದಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದರು. ‘ನನ್ನ ಕೈಯಾಗ ಬೆಂಕಿ ಬೀಳಲಿ’ ಎಂದರು.

‘ಬೆಂಕಿ ಬ್ಯಾಡ ಅತ್ತಿ, ನೀರು ಹುಯ್ರಿ’ ಎಂದೆ. ಹುಯ್ದರು. ಗಂಡ ತಲೆಯ ರುಮಾಲು ಬಿಚ್ಚಿ ಎಸೆದರು. ಅದರಿಂದ ಬೆನ್ನು ಒರೆಸಿದೆ. ಮುದುಕರು ಹುರಮಂಜನ್ನು ತಮ್ಮ ಅಂಗೈಯಲ್ಲೇ ಹೊಳೆಯ ನೀರಿನಿಂದ ಕಲಸಿ, ನಿಧಾನವಾಗಿ ಗೆರೆ ಎಳೆದರು. ಅದು ಒಣಗಿ ಮಾಸಲು ಕೆಂಪಾಗುವವರೆಗೆ ಎಲ್ಲರೂ ಕಾದೆವು.

ಎರಡನೆಯ ಸಲ ಹೊಳೆ ಬೇರೆಯದೇ ಆಗಿತ್ತು. ಸೂರ್ಯ ಮೇಲ್ಹೊಳೆಯ ಕಡೆಗೆ ಇಳಿದಿದ್ದ. ನೀರಿನ ಮೇಲೆ ಬಿದ್ದ ಬೆಳಕು ಕಣ್ಣಿಗೆ ಕುಕ್ಕಿ ಕರಿಬಂಡೆ ಕಾಣುತ್ತಿರಲಿಲ್ಲ. ಬೆಳ್ಳಕ್ಕಿಗಳು ಜನರ ಗದ್ದಲಕ್ಕೆ ಎಂದೋ ಹಾರಿಹೋಗಿದ್ದವು. ಹೋಗಿ ಬಂದ ಗೊರಸಿಗೆ ಮರಳು ಸಡಿಲವಾಗಿತ್ತು. ಕಾಲು ಪ್ರತಿ ಹೆಜ್ಜೆಗೂ ಸ್ವಲ್ಪ ಹೂತುಹೋಗುತ್ತಿತ್ತು. ಹಳೆಯ ಹೆಜ್ಜೆಯ ಮೇಲೆ ಹೋಗಬಾರದು, ಒಂದು ಮೊಳ ಮೇಲ್ಹೊಳೆಗೆ ಹಿಡಿಯಬೇಕು ಎಂದು ಆ ಕ್ಷಣಕ್ಕೆ ತೋರಿತು. ಹಾಗೇ ಹಿಡಿದೆ.

ಆಳದ ಜಾಗದ ಅಂಚಿನಲ್ಲಿ ಬಿಳಿಯ ನಿಂತುಬಿಟ್ಟಿತು.

‘ಆಗೇ’ ಎಂದೆ. ಕಿವಿ ಆಡಿಸಿತು, ಕಾಲು ಎತ್ತಲಿಲ್ಲ. ಮೂರು ಸಲ ಅದೇ ನೀರಿಗೆ ತಂದರೆ ಯಾರಿಗಾದರೂ ಬೇಸರವೇ. ಹಗ್ಗ ಜಗ್ಗಿದರೆ ಅದು ತಲೆ ಒದರುತ್ತದೆ, ಪಕ್ಕಕ್ಕೆ ಹೆಜ್ಜೆ ಇಡುತ್ತದೆ, ಪಕ್ಕದಲ್ಲಿ ನೆಲವಿಲ್ಲ. ‘ಬಿಳಿಯಾ, ನಡೀಯೋ ನನ್ನಪ್ಪಾ!’ ಎಂದು ಗಂಡ ಹೊರಸಿನಿಂದ ಕೂಗಿದರು. ನಾನು ಹಗ್ಗ ಸಡಿಲ ಬಿಟ್ಟೆ. ‘ಠಹರೋ’ ಎಂದೆ. ಅದು ನಿಂತೇ ಇತ್ತು. ಆದರೆ ಈಗ ನಾನು ಹೇಳಿದ್ದಕ್ಕೆ ನಿಂತಂತಾಯಿತು. ಅದರ ಕುತ್ತಿಗೆಗೆ ಭುಜ ಆನಿಸಿ ನಾನೂ ನಿಂತೆ. ನೀರು ಎದೆಯನ್ನು ತಳ್ಳುತ್ತಿತ್ತು. ಕಾಲ ಕೆಳಗಿನ ಮರಳು ಎಳೆ ಎಳೆಯಾಗಿ ಜಾರುತ್ತಿತ್ತು. ಗಡಿಯಾಲ ಬೀಳಲಿ, ಬೀಳುವವರೆಗೆ ಇಲ್ಲೇ. ಬೀದರಿನ ಆ ಕಂಚು ಅಲ್ಲಿಗೆ ಕೇಳುವಂತಿರಲಿಲ್ಲ. ಕೇಳಿಸಿಕೊಳ್ಳುವುದು ನನಗೆ ರೂಢಿಯಾಗಿತ್ತು. ಬಿಳಿಯ ಮೂಗಿನಿಂದ ಉದ್ದ ಉಸಿರು ಬಿಟ್ಟಿತು. ಮೈಯ ಬಿಗಿ ಇಳಿದದ್ದು ನನ್ನ ಭುಜಕ್ಕೆ ತಿಳಿಯಿತು. ‘ಆಗೇ.’

ನಡೆಯಿತು. ಗುಂಡಿಯಲ್ಲಿ ಹಿಂಗಾಲು ಒಮ್ಮೆ ಕುಸಿಯಿತು, ಮತ್ತೆ ಎದ್ದಿತು. ಬಂಡೆಯ ನೆರಳು ಮುಖದ ಮೇಲೆ ಬಿದ್ದಾಗಲೇ ನನಗೆ ಕಣ್ಣು ಕಂಡದ್ದು.

ನಮ್ಮ ಹಿಂದೆಯೇ ಗಳ ಊರುತ್ತಾ ಬಂದ ಮುದುಕರು ಏದುಸಿರು ಬಿಡುತ್ತಾ ಮೇಲೆ ಹತ್ತಿದರು. ಅವರ ಊರಿನವರು ಬಿಳಿಯನನ್ನು ಸುತ್ತಿಕೊಂಡಿದ್ದರು. ಒಬ್ಬ ಹರೆಯದವನು ಕೂಗಿದ: ‘ನೋಡ್ರಿ, ಬಾಲದ ಬುಡದಾಗ ಬಣ್ಣ ಹೋಗ್ಯಾದ! ತೊಯ್ದದ!’

ಹೌದು, ಹಿಂಗಾಲು ಕುಸಿದಾಗ ಅಲ್ಲಿ ನಾಲ್ಕು ಬೆರಳಿನಷ್ಟು ತೊಳೆದಿತ್ತು.

ಮುದುಕರು ಅವನನ್ನು ಪಕ್ಕಕ್ಕೆ ಸರಿಸಿ, ತೋರುಬೆರಳನ್ನು ಬಿಳಿಯನ ಕುತ್ತಿಗೆಯ ಬುಡದಿಂದ ಹಿಂದಿನವರೆಗೆ ಎಳೆದರು. ಬೆರಳಿಗೆ ಒಣ ಕೆಂಪು ಪುಡಿ ಹತ್ತಿತು. ಆ ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ‘ಇದು ಬೆನ್ನು. ಒಣಗ್ಯಾದ. ಅದು ಬಾಲ. ನಿನಗ ಬೆನ್ನು ಎಲ್ಲಿ ಮುಗೀತದ, ಬಾಲ ಎಲ್ಲಿ ಸುರು ಆಗ್ತದ ತಿಳೀಲಿಲ್ಲಂದ್ರ, ಮನಿಗಿ ಹೋಗಿ ನಿಮ್ಮಪ್ಪನ ಎತ್ತು ನೋಡ್ಕೊಂಡು ಬಾ.’

ಯಾರೋ ನಕ್ಕರು. ಆಮೇಲೆ ಹಲವರು ನಕ್ಕರು. ಎಲ್ಲರೂ ನಗಲಿಲ್ಲ. ಆ ಹುಡುಗ ಮುಖ ಗಂಟಿಕ್ಕಿಕೊಂಡೇ ನೀರಿಗಿಳಿದ. ಅವನ ಮನೆಯಲ್ಲೂ ಯಾರೋ ಬೀಜ ತೆಗೆದಿಟ್ಟಿದ್ದರೇನೋ. ಎರಡೂ ಗೆರೆ ಉಳಿದಿದ್ದವು. ಕಟ್ಟಳೆಯಂತೆ ಗಡ್ಡಿ ಹೋದ ವರ್ಷ ಬಿತ್ತಿದವರದು, ಅಂದರೆ ನಮ್ಮದು.

ನಮ್ಮ ಊರಿನ ಇಬ್ಬರು ಅತ್ತೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ದಿಬ್ಬದ ಮೇಲೆ ಕರೆತಂದರು. ಅವರು ಇಳಿದವರೇ ಮರಳಿನ ಕಡೆ ಹೋಗಿ ಕುಣಿ ತೋಡಲು ಕುಳಿತರು. ನಡುವಿನ ಗಂಟು ಬಿಚ್ಚಿದಾಗ ಬೀಜಗಳು ಬಾಯಿ ತೆರೆದು ಬಿಳಿ ಮೂತಿ ತೋರಿಸುತ್ತಿದ್ದವು. ಕತ್ತಲಾಗುವ ಮುಂಚೆ ಒಂದು ಸಾಲು ಮುಗಿಯಿತು. ಗೀಜಗನ ಗೂಡಿನ ಕೆಳಗೆ ಒಲೆ ಹೂಡಿದೆವು.

ಗೆದ್ದ ದಂಡೆಯವರು ಮೊದಲ ಹಣ್ಣನ್ನು ಆಚೆ ದಂಡೆಗೆ ಕೊಡಬೇಕು ಎಂಬುದೂ ಕಟ್ಟಳೆ. ಶಿವರಾತ್ರಿ ಕಳೆದ ಮೇಲೆ ಮೊದಲ ಖರಬೂಜವನ್ನು ನಾನೇ ಒಯ್ದು ಕೊಟ್ಟೆ. ಮುದುಕರು ಕಟ್ಟೆಯ ಮೇಲೆ ಕುಳಿತು ಅದನ್ನು ಸೀಳಿ, ಒಂದು ಹೋಳು ಬಾಯಿಗಿಟ್ಟು, ಬಹಳ ಹೊತ್ತು ಅಗಿದರು.

‘ಹ್ಯಾಂಗದ್ರಿ ಮುತ್ಯಾ?’

‘ಸಿಹಿ ಅದ’ ಎಂದರು. ‘ಬರೇ ದೀಪದ ಎಣ್ಣಿ ವಾಸನಿ ಬರ್ಲತ್ತದ.’

ಮುಂದಿನ ದೀಪಾವಳಿಗೆ ಅತ್ತೆ ಪಣತಿಗಳನ್ನೆಲ್ಲ ಒಳಗಿಟ್ಟು ಬಾಗಿಲು ಹಾಕಿ, ಹುರಮಂಜನ್ನು ಅಂಗೈಯಲ್ಲೇ ಕಲಸಿದರು. ಗಂಡನ ಕಾಲು ಆಗ ವಾಸಿಯಾಗಿತ್ತು. ಆದರೂ ಹಗ್ಗವನ್ನು ನನ್ನ ಕೈಗೇ ಕೊಟ್ಟರು. ಬಿಳಿಯ ಬೇರೆ ಯಾರ ಮಾತಿಗೂ ನೀರಿಗಿಳಿಯುತ್ತಿರಲಿಲ್ಲ.